ಮೂರನೇ ಭಾಗ ಹೆಂಗೈತೆ?

ನಮ್ಮ ಸೋದರಮಾವ ಸ್ವಂತ ನಾಲಿಗೆಯಿಂದ ಯಾವುದನ್ನೂ ರುಚಿ ನೋಡಿದವರಲ್ಲ! ಹಾಗೆಂದು ಅವರಿಗೆ ನಾಲಿಗೆಯೇ ಇರಲಿಲ್ಲವೆಂದು ತಿಳಿಯಬೇಡಿ. ಮಾತಿಗಿಳಿದರೆ ಅದು ಹಿಂದೂಪುರದಿಂದ ಗೌರಿಬಿದನೂರಿನವರೆಗೂ ಚಾಚುತ್ತಿತ್ತು. ರುಚಿ ನೋಡುವ ಕೆಲಸವನ್ನು ಮಾತ್ರ ಬೇರೆಯವರ ನಾಲಿಗೆಗೆ ವಹಿಸಿದ್ದರು. ಅವರು ಹುಣಸೆಹಣ್ಣಿನ ಮಂಡಿಯಲ್ಲಿ ದಲ್ಲಾಳಿ. ರಾಶಿಯ ನಡುವಿನಿಂದ ಒಂದು ಚೂರು ಕಿತ್ತು, ದಾರಿಯಲ್ಲಿ ಹೋಗುವ ಯಾರದಾದರೂ ಬಾಯಿಗೆ ಕೊಟ್ಟು, ಅವನ ಮುಖ ಎಷ್ಟು ಗಂಟಾಯಿತೆಂದು ನೋಡಿ ಮಾಲಿನ ಗುಣ ಹೇಳುತ್ತಿದ್ದರು.

"ಹಣ್ಣು ಸುಳ್ಳೇಳ್ಬೋದು ಕಣಪ್ಪ, ತಿಂದೋನ ಮುಖ ಸುಳ್ಳೇಳಲ್ಲ" ಎನ್ನುವುದು ಅವರ ಸಿದ್ಧಾಂತ.

ಮಂಡಿಯಲ್ಲಿ ಇದು ಸರಿಯೇ. ಆದರೆ ಈ ಸಿದ್ಧಾಂತ ಹೆಗಲ ಮೇಲಿನ ಟವೆಲಿನ ಹಾಗೆ ಹೋದಲ್ಲೆಲ್ಲ ಅವರ ಜೊತೆಗೇ ಹೋಗಬೇಕೆ? ಹೋಟೆಲಿಗೆ ಹೋದರೆ ನೇರವಾಗಿ ಕೂತುಕೊಳ್ಳುವವರಲ್ಲ. ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು, ತಿಂದು ಬಂದವರನ್ನೆಲ್ಲ "ದೋಸೆ ಹೆಂಗೈತೆ?" ಎಂದು ವಿಚಾರಿಸಬೇಕು. ಪೂರ್ತಿ ವಿಚಾರಿಸಿ ಮುಗಿಸುವಷ್ಟರಲ್ಲಿ ದೋಸೆಯೇ ಮುಗಿದಿರುತ್ತಿತ್ತು! ಒಮ್ಮೆ ಬೆಂಗಳೂರಿಗೆ ಹೊರಟವರು ಸ್ಟೇಷನ್ನಿನಲ್ಲಿ, ರೈಲಿನಿಂದ ಇಳಿದವರನ್ನು ಒಬ್ಬೊಬ್ಬರಾಗಿ ತಡೆದು ರೈಲು ಹೇಗಿದೆಯೆಂದು ಕೇಳುತ್ತ ನಿಂತರು. ರೈಲು ಹೊರಟುಹೋಯಿತು. ಮಾವ ಬೇಸರವಿಲ್ಲದೆ ಮನೆಗೆ ಬಂದು, "ರೈಲೇನೋ ಚೆನ್ನಾಗೈತಂತೆ" ಎಂದು ಅತ್ತೆಗೆ ವರದಿ ಒಪ್ಪಿಸಿದರು.

ಆಗ ನಾನು ಹಿಂದೂಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಮಾವನ ಮನೆಯಲ್ಲೇ ನನ್ನ ಊಟ, ವಾಸ. ಮಾವನಿಗೆ ಒಬ್ಬಳೇ ಮಗಳು. ನಮ್ಮ ಕಡೆ ಸೋದರಮಾವನ ಮಗಳೆಂದರೆ ಕೇಳಬೇಕೆ? ಅವಳು ತೊಟ್ಟಿಲಲ್ಲಿದ್ದಾಗಲೇ ಮಾವ ನಮ್ಮಮ್ಮನಿಗೆ, "ಅಕ್ಕಯ್ಯ, ಇವಳು ನಿನ್ನ ಮಗನಿಗೇ" ಎಂದು ಮಾತು ಕೊಟ್ಟಿದ್ದರಂತೆ. ನನ್ನನ್ನು ಯಾರೂ ಕೇಳಲಿಲ್ಲ. ತೊಟ್ಟಿಲಲ್ಲಿದ್ದವಳನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ.

ಅವಳು ಕಾಲೇಜಿಗೆ ಹೋಗುವಾಗ ಊರಿಗೆ ಒಂದು ಕರಾಟೆ ಸಿನಿಮಾ ಬಂತು. ಅದು ಕರಾಟೆಯೋ ಮತ್ತೊಂದೋ ದೇವರೇ ಬಲ್ಲ. ಕಾಲೆತ್ತಿ ಒದ್ದರೆ ನಮ್ಮ ಊರಿನಲ್ಲಿ ಅದು ಕರಾಟೆ! ಊರೆಲ್ಲ ಒಂದೇ ಬಾಯಲ್ಲಿ ಚೆನ್ನಾಗಿದೆ ಎಂದದ್ದರಿಂದ ಮಾವ ಹೆಂಡತಿ, ಮಗಳ ಜೊತೆ ಹೋಗಿ ನೋಡಿದರು. ಮುದುಕ ಗುರು ಒಬ್ಬ ಅನಾಥ ಹುಡುಗನನ್ನು ಸಾಕಿ ವಿದ್ಯೆ ಕಲಿಸುವ ಕಥೆ. ಮಾರನೆಯ ದಿನದಿಂದ ಮಗಳು ಪಡಸಾಲೆಯಲ್ಲಿದ್ದ ಹುಣಸೆ ಮೂಟೆಗಳನ್ನು ಒದೆಯುವ ಅಭ್ಯಾಸಕ್ಕೆ ತೊಡಗಿದಳು. ಒಂದು ಮೂಟೆ ಹರಿದು ಬೀಜವೆಲ್ಲ ಬೀದಿಗೆ ಬಂದ ದಿನ, ಈ ಹುಡುಗಿ ನನಗೆಂದು ಗೊತ್ತಾದವಳೆಂಬುದು ನೆನಪಾಗಿ ನನಗೆ ಬೆವರಿತು. ನನಗೂ ಬದುಕುವ ಆಸೆ ಇತ್ತು, ಸ್ವಾಮಿ!

ಎರಡನೇ ಭಾಗವೂ ಬಂತು. ಅದರಲ್ಲಿ ಶಿಷ್ಯ ಗುರುವಿನ ಮಾತು ಮೀರಿ ಶತ್ರುವಿನ ಮಗಳನ್ನು ಮದುವೆಯಾಗುತ್ತಾನೆ. ಗುರು ಅವನ ಮುಖ ನೋಡುವುದಿಲ್ಲವೆಂದು ಶಪಥ ಮಾಡುತ್ತಾನೆ. ಮನೆಗೆ ಬಂದು ಊಟಕ್ಕೆ ಕೂತಾಗ ಮಗಳು, "ಶಿಷ್ಯಂದೇನೂ ತಪ್ಪಿಲ್ಲ ಕಣಪ್ಪ" ಎಂದಳು. ಮಾವ, "ಗುರು ಮಾಡಿದ್ದೇ ಸರಿ" ಎಂದರು. ಬರಿಯ ಸಿನಿಮಾ ಮಾತೆಂದು ನಾನು ಇನ್ನೆರಡು ಮುದ್ದೆ ಹಾಕಿಸಿಕೊಂಡೆ.

ಎರಡು ತಿಂಗಳಲ್ಲಿ ಅವಳು ಕಲ್ಯಾಣದುರ್ಗದ ಕಡ್ಲೆಕಾಯಿ ಮಿಲ್ಲಿನ ಮೆಕ್ಯಾನಿಕ್ ಹುಡುಗನನ್ನು ಮದುವೆಯಾದಳು. ಬೇರೆ ಜಾತಿ. ದೋಸೆಗೂ ರೈಲಿಗೂ ಊರನ್ನೆಲ್ಲ ಕೇಳುತ್ತಿದ್ದ ಮಾವ, ಆ ದಿನ ಯಾರನ್ನೂ ಕೇಳದೆ ಒಂದು ತೀರ್ಮಾನ ಮಾಡಿದರು: "ಅವಳು ಈ ಹೊಸ್ಲು ತುಳೀಬಾರ್ದು." ಅಂದಿನಿಂದ ನನ್ನ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ. ಅಕ್ಕನಿಗೆ ಕೊಟ್ಟ ಮಾತು ತಪ್ಪಿತೆಂಬ ನಾಚಿಕೆ. ನನ್ನ ತಟ್ಟೆಗೆ ಮಾತ್ರ ತುಪ್ಪ ಜಾಸ್ತಿ ಬೀಳುತ್ತಿತ್ತು. ಪಾಪ, ಅವರಿಗೆ ನಾನು ಮೋಸಹೋದ ಅಳಿಯ!

ಎರಡು ವರ್ಷ ಕಳೆಯಿತು. ಒಂದು ದಿನ ಅತ್ತೆಗೆ ಕಲ್ಯಾಣದುರ್ಗದಿಂದ ಕಾರ್ಡು ಬಂತು. ಓದಿ ಹೇಳಿದವನು ನಾನೇ. ಮಗಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ತವರಿನವರೇ ಹೋಗಿ ಕರೆದುಕೊಂಡು ಬರಬೇಕು. ಕರೆಯದೆ ಹೆಣ್ಣುಮಗಳು ತಾನಾಗಿ ಬರುವಂತಿಲ್ಲ. ಕಾರ್ಡಿನಲ್ಲಿ ಅವಳು ಕರೆಯಿರಿ ಎಂದೇನೂ ಬರೆದಿರಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಜಗಲಿಯ ಮೇಲಿದ್ದ ಮಾವನಿಗೆ ಎಲ್ಲವೂ ಕೇಳಿಸಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೋದರು.

ಅದೇ ವಾರ ಆ ಸಿನಿಮಾದ ಮೂರನೇ ಭಾಗ ಬಂತು. ಅದೇ ಕೊನೆಯದಂತೆ!

ಮಾವ ಮಂಡಿ ಬಿಟ್ಟು ಟಾಕೀಸಿನ ಗೇಟಿನಲ್ಲಿ ಠಿಕಾಣಿ ಹೂಡಿದರು. ಮೊದಲು ಹೊರಗೆ ಬಂದವರನ್ನು ಬಿಟ್ಟುಬಿಡಬೇಕು, ಅವರಿಗೆ ಬಸ್ಸಿನ ಅವಸರ. ಕೊನೆಗೆ ಬಂದವರನ್ನೂ ಬಿಡಬೇಕು, ಅವರು ಒಳಗೆ ನಿದ್ದೆ ಮಾಡಿದವರು. ರಾಶಿಯ ಹಾಗೆ ನಡುವಿನವರನ್ನೇ ಹಿಡಿಯಬೇಕು! "ಮೂರನೇ ಭಾಗ ಹೆಂಗೈತೆ?" ಎಂದು ಶುರು ಮಾಡಿ, ಆಮೇಲೆ ಕೇಳಬೇಕಾದ್ದನ್ನು ಕೇಳುತ್ತಿದ್ದರು: "ಮುದುಕ ಕೊನೇಗೆ ಏನ್ಮಾಡ್ತಾನೆ?"

ಸಿನಿಮಾ ಇಂಗ್ಲಿಷಿನಲ್ಲಿತ್ತು, ಯಾರಿಗೂ ಮಾತು ಅರ್ಥವಾಗಿರಲಿಲ್ಲ. ಕೊನೆಯಲ್ಲಿ ಗುರು ಬೆಟ್ಟ ಇಳಿದು ಬಂದು ಶಿಷ್ಯನ ಬಾಗಿಲು ಬಡಿಯುತ್ತಾನೆ. ಬಾಗಿಲು ತೆರೆಯುತ್ತದೆ. ಮುದುಕ ಕೈಯೆತ್ತುತ್ತಾನೆ. ಅಷ್ಟೇ, ಶುಭಂ! ಹೊಡೆಯುವುದಕ್ಕೋ ಹರಸುವುದಕ್ಕೋ ಸಿನಿಮಾ ತೆಗೆದವನಿಗೇ ಗೊತ್ತು.

ಮಂಡಿಯ ಹಮಾಲಿಯೊಬ್ಬ, "ಚಂಪೇಸ್ತಾಡು ಸ್ವಾಮೀ, ಕೊಂದೇಬಿಡ್ತಾನೆ! ಒಂದೇ ಏಟು, ಶಿಷ್ಯ ಖಲಾಸ್!" ಎಂದ. ಸೋಡಾ ಅಂಗಡಿಯವನು ನಾಲ್ಕು ಸಲ ನೋಡಿದ್ದನಂತೆ. ಅವನ ದುಃಖವೇ ಬೇರೆ: "ಮೊದಲ್ನೇದ್ರಲ್ಲಿ ಬರೀ ಫೈಟು, ಎರಡನೇದ್ರಲ್ಲಿ ಫೈಟು ಅಳು ಎರಡೂ, ಇದ್ರಲ್ಲಿ ಬರೀ ಅಳು. ಹೆಸ್ರಿಗೆ ಕರಾಟೆ!" ಟೈಲರ್ ಒಬ್ಬ ಮಾತ್ರ ಸಾವಧಾನವಾಗಿ ಹೇಳಿದ: "ಮುದುಕ ಹೊಸಾ ಬಟ್ಟೆ ಆಕ್ಕೊಂಡ್ ಬಂದವ್ನೆ ಕಣಣ್ಣ, ಹೊಲಿಗೆ ನೋಡಿದೆ ನಾನು. ಹೊಡೆಯಾಕೆ ಯಾವನಾದ್ರೂ ಹೊಸಾ ಬಟ್ಟೆ ಹೊಲಿಸ್ತಾನಾ?"

ಮಾವ ಆ ರಾತ್ರಿಯ ಊಟದಲ್ಲಿ ತುಂಬ ಹೊತ್ತು ಹೊಲಿಗೆಯ ವಿಚಾರವನ್ನೇ ಮಾತಾಡಿದರು. ಮಾರನೆಯ ದಿನ ಇನ್ನಾರೋ, "ಗುರು ಅಂದ್ರೆ ಗುರೂನೇ, ಬಿಡ್ತಾನಾ?" ಎಂದರು. ಮಾವನ ಮುಖ ಹುಣಸೆಹಣ್ಣು ತಿಂದವರದಾಯಿತು. ಹೊಡೆಯುತ್ತಾನೆ ಎಂದವರ ಮೇಲೆ ಸಿಟ್ಟು, ಹರಸುತ್ತಾನೆ ಎಂದವರ ಮಾತಿನ ಮೇಲೆ ಅನುಮಾನ. ಹೀಗೆ ಹತ್ತು ದಿನ.

ಅತ್ತೆ ಕೊನೆಗೆ ಮುದ್ದೆ ಕೋಲನ್ನು ಕೆಳಗಿಟ್ಟು, "ಊರ್ನೆಲ್ಲಾ ಕೇಳಿ ಬಂದ್ಬುಟ್ರಲ್ಲ! ಹೆತ್ತೋಳು ಒಬ್ಳು ಮನೇಲವ್ಳೆ, ಅವಳ್ನ ಕೇಳಿದ್ರಾ?" ಎಂದರು. ಮಾವ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದರು.

ಮಾರನೆಯ ದಿನ ಭಾನುವಾರ, ಸಿನಿಮಾದ ಕೊನೆಯ ದಿನ. "ಬಾ ಅಳಿಯ, ನಾವೇ ನೋಡ್ಬುಡಾನ" ಎಂದು ಮಾವ ನನ್ನನ್ನು ಬೆಳಗಿನ ಆಟಕ್ಕೆ ಎಳೆದುಕೊಂಡು ಹೋದರು. ಒದೆತ ಬಡಿತಗಳ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಮುದುಕ ಬೆಟ್ಟ ಇಳಿಯತೊಡಗಿದಾಗ ಮಾತ್ರ ನನ್ನ ಮೊಣಕೈ ಹಿಡಿದುಕೊಂಡರು. ದೀಪ ಹತ್ತಿದ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು.

"ನೀನೇಳಪ್ಪ. ನಿಂಗೇ ಅನ್ಯಾಯ ಆಗಿರಾದು. ನೀನೇನಂತೀಯ?"

ಅವರು ಕೇಳುತ್ತಿರುವುದು ಸಿನಿಮಾದ ಬಗ್ಗೆ ಅಲ್ಲವೆಂದು ತಿಳಿಯಲು ಮೇಷ್ಟ್ರೇ ಆಗಬೇಕಿರಲಿಲ್ಲ. "ನಂಗೇನೂ ಅನ್ಯಾಯ ಆಗಿಲ್ಲ ಮಾವ. ಒದೆ ತಪ್ತು, ಅಷ್ಟೇ! ಹೊಡೆಯೋಕೆ ಅಂತ ಆ ವಯಸ್ಸಲ್ಲಿ ಯಾರಾದ್ರೂ ಅಷ್ಟು ದೂರ ನಡೆದು ಬತ್ತಾರಾ?" ಎಂದೆ.

ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ಮನೆಗೂ ಹೋಗದೆ ನೇರ ಬಸ್ ಸ್ಟ್ಯಾಂಡಿಗೆ ನಡೆದರು. ಕಾರ್ಡಿನ ವಿಳಾಸ ಗೊತ್ತಿದ್ದ ನಾನು ಹಿಂದೆಯೇ ಹೊರಟೆ. ಬಸ್ಸು ಹೇಗಿದೆಯೆಂದು ಯಾರನ್ನೂ ಕೇಳಲಿಲ್ಲ. ಪೆನುಕೊಂಡದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಕಲ್ಯಾಣದುರ್ಗ ತಲುಪಿದಾಗ ಸಂಜೆ ದೀಪ ಹಚ್ಚುವ ಹೊತ್ತು.

ಬಾಗಿಲು ತೆರೆದವನು ಆ ಹುಡುಗನೇ, ಕೈಯೆಲ್ಲ ಗ್ರೀಸು. ನಮ್ಮನ್ನು ಕಂಡು ಗಾಬರಿಯಾಗಿ, ಮಂಚ ಎಳೆದು, ಒಂದೇ ಉಸಿರಿನಲ್ಲಿ ಎರಡು ಚೊಂಬು ನೀರು ತಂದ. ಅವನ ಹಿಂದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಗೋಡೆಗೆ ಒರಗಿ ಅವಳು ನಿಂತಿದ್ದಳು. ಗೌರಿಬಿದನೂರಿನವರೆಗೆ ಚಾಚುವ ನಾಲಿಗೆ ಎಲ್ಲಿ ಹೋಯಿತೋ! ಮಾವ ಹೊರಡಿಸಿದ್ದು ಒಂದೇ ಮಾತು.

"ಕರ್ಕಂಡೋಗಾಕೆ ಬಂದೆ ಕಣವ್ವ."

ಅವಳು ತಿರುಗಿ ಒಳಗೆ ಹೋದಳು. ಮಾವನ ಮುಖ ಬಿಳುಚಿಕೊಂಡಿತು. ಬಂದಾಗ ಅವಳ ಕೈಯಲ್ಲಿ ಒಂದು ಚೀಲವಿತ್ತು: ಮಡಿಸಿಟ್ಟ ಸೀರೆಗಳು, ಹಳೆಯ ಪಂಚೆ ಹರಿದು ಹೊಲಿದ ಮಗುವಿನ ಬಟ್ಟೆಗಳು, ಮೇಲೆ ಬಿಗಿಯಾಗಿ ಕಟ್ಟಿದ ದಾರ. ದಾರದ ಮೇಲೆ ಧೂಳು ಕೂತಿತ್ತು.

"ಐದ್ನೇ ತಿಂಗಳಲ್ಲೇ ಕಟ್ಟಿಟ್ಟಿವ್ನಿ ಕಣಪ್ಪ" ಎಂದಳು, "ನೀನು ಬತ್ತೀಯ ಅಂತ."