ಮಾವನವರೊಡನೆ ಭೀಮೆಯ ತವರಿಗೆ

ಹೆಂಡತಿಯ ತಂದೆಯೊಡನೆ ಏನು ಮಾತಾಡಬೇಕೆಂಬುದನ್ನು ಯಾವ ಅಳಿಯನಿಗೂ ಯಾರೂ ಹೇಳಿಕೊಡುವುದಿಲ್ಲ. ಅತ್ತೆಯವರಾದರೆ ವಾಸಿ. ಇನ್ನೊಂದು ಹೋಳಿಗೆ ಹಾಕಲೇ ಎಂದು ಅವರು, ಬೇಡವೇ ಬೇಡ ಎಂದು ನಾವು, ಹೀಗೇ ಹೊತ್ತು ಹೋಗಿ ಅಷ್ಟಿಷ್ಟು ಬಾಂಧವ್ಯವೂ ಬೆಳೆದಿರುತ್ತದೆ. ಮಾವನವರ ವಿಷಯ ಹಾಗಲ್ಲ. ನಮ್ಮ ಮದುವೆಯಲ್ಲಿ ಅವರು ಶಾಸ್ತ್ರಕ್ಕೆಂದು ನನ್ನ ಕಾಲು ತೊಳೆದಾಗ ನನಗೆ ಕಚಗುಳಿಯಾಗಿ ನಕ್ಕುಬಿಟ್ಟಿದ್ದೆ. ಆ ಮುಜುಗರದಿಂದ ನಾವಿಬ್ಬರೂ ಎಷ್ಟೋ ವರ್ಷ ಚೇತರಿಸಿಕೊಳ್ಳಲಿಲ್ಲ. ಅವರು ದೌಂಡದಿಂದ ಪುಣೆಯ ಕೋಥರೂಡದ ನಮ್ಮ ಮನೆಗೆ ಬಂದರೆ ಸೋಫಾದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ನಡುವೆ ದಿನಪತ್ರಿಕೆ. "ಮತ್ತೇನ್ರಿ ಅಳಿಯಾರ?" ಎನ್ನುತ್ತಿದ್ದರು. "ಏನಿಲ್ಲ ಮಾವ" ಎನ್ನುತ್ತಿದ್ದೆ. ನಿಜಕ್ಕೂ ಏನೂ ಇರುತ್ತಿರಲಿಲ್ಲ.

ಮಾವನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಹುಟ್ಟಿದ್ದು ಅಫಜಲಪುರದ ಹತ್ತಿರದ ಹಳ್ಳಿ, ಬಾಳಿದ್ದೆಲ್ಲ ದೌಂಡ. ಎರಡೂ ಕಡೆ ಊರ ಮಗ್ಗುಲಲ್ಲಿ ಹರಿಯುವುದು ಭೀಮಾ ನದಿಯೇ. ಹೋದ ಮಳೆಗಾಲದಲ್ಲಿ ಒಮ್ಮೆ ನಮ್ಮಲ್ಲಿ ಊಟಕ್ಕೆ ಕುಳಿತವರು ಇದ್ದಕ್ಕಿದ್ದಂತೆ ಮಗಳಿಗೆ ಹೇಳಿದರು: "ಹುಟ್ಟಿದಾಗಿಂದ ಒಂದಽ ಹೊಳಿ ನೀರು ಕುಡದೀನಿ. ಅದು ಹುಟ್ಟೋ ಜಾಗಾ ಇನ್ನೂ ನೋಡಿಲ್ಲ. ಈ ಸಲ ನಡಕೋತ ಹೋಗಿ ನೋಡಿ ಬರ್ತೀನಿ."

ಪುಣೆಯ ಒಂದು ಚಾರಣದ ಗುಂಪು ಲೋಣಾವಳದಿಂದ ಸಹ್ಯಾದ್ರಿಯ ನೆತ್ತಿಯ ಮೇಲೇ ನಡೆಯುತ್ತ ಮೂರು ದಿನಕ್ಕೆ ಭೀಮಾಶಂಕರ ಮುಟ್ಟುತ್ತದಂತೆ. ಅಲ್ಲಿ ಭೀಮೆ ಹುಟ್ಟುತ್ತಾಳೆ. ಮಾವನವರು ಆಗಲೇ ಹೆಸರು ಕೊಟ್ಟು ಬಂದಿದ್ದರು. "ಭೀಮಾಶಂಕರಕ್ಕೆ ನೇರ ಬಸ್ಸಿದೆಯಲ್ಲ ಮಾವ" ಎಂದೆ. "ಅದು ಬಸ್ ನೋಡಿದಂಗ ಆಗ್ತದ್ರಿ, ಹೊಳಿ ನೋಡಿದಂಗ ಆಗಂಗಿಲ್ಲ" ಎಂದರು. ನನ್ನ ಹೆಂಡತಿ ಸುಧಾ ನನ್ನನ್ನು ಅಡುಗೆಮನೆಗೆ ಕರೆದು, "ಅಪ್ಪಾರನ್ನ ಒಬ್ಬರನ್ನಽ ಹೆಂಗ ಬಿಡೋದು? ನೀವೂ ಹೋಗ್ರಿ" ಎಂದಳು. ತುಮಕೂರಿನವನಾದ ನಾನು ಕಂಪ್ಯೂಟರ್ ಮುಂದೆ ಕುಳಿತು ಬದುಕುವವನು. ಪಾರ್ಕಿಂಗ್‌ನಿಂದ ಲಿಫ್ಟಿನವರೆಗೆ ನಡೆದರೆ ಅದೇ ನನ್ನ ವ್ಯಾಯಾಮ. "ನನಗೆ ನಡೆದು ಅಭ್ಯಾಸವಿಲ್ಲ ಕಣೇ" ಎಂದೆ. "ಅದಕ್ಕಽ ಹೋಗ್ರಿ" ಎಂದಳು.

ಮೊದಲ ದಿನ ಮೋಡವಷ್ಟೇ ಇತ್ತು. ಎರಡನೆಯ ದಿನ ಬೆಳಗಾಗುತ್ತಲೇ ಮಳೆ ಹಿಡಿಯಿತು. ಪುಣೆಯಲ್ಲಿ ನಾವು ಕಿಟಕಿಯಿಂದ ನೋಡಿ ಭಜಿ ಕರಿಯುತ್ತೇವಲ್ಲ, ಆ ಮಳೆ ಬೇರೆ. ಇದು ಮೇಲಿನಿಂದ ಬೀಳುತ್ತಲೇ ಇರಲಿಲ್ಲ; ಮಗ್ಗುಲಿನಿಂದ ಬರುತ್ತಿತ್ತು, ಕೆಲವೊಮ್ಮೆ ಕಾಲ ಕೆಳಗಿನಿಂದಲೂ. ನನ್ನ ದುಬಾರಿ ರೇನ್‌ಕೋಟು ಹೊರಗಿನ ನೀರನ್ನು ಒಳಗೆ ಬಿಟ್ಟು ಒಳಗಿನ ಬೆವರನ್ನು ಅಲ್ಲೇ ಇಟ್ಟುಕೊಂಡಿತು. ಬೆನ್ನಿನ ಚೀಲದಲ್ಲಿ ಸುಧಾ ಕಟ್ಟಿಕೊಟ್ಟ ಖಡಕ್ ರೊಟ್ಟಿಗಳು ತಮ್ಮ ಹೆಸರು ಕಳೆದುಕೊಂಡಿದ್ದವು. ಕೆಂಪು ಮಣ್ಣಿನ ಕಾಲುದಾರಿ ಹೋಗುಹೋಗುತ್ತಾ ಹಳ್ಳವೇ ಆಯಿತು. ಮೊಣಕಾಲಿನವರೆಗೆ ನೀರು ಎದುರಿಗೆ ಹರಿದು ಬರುತ್ತಿದ್ದರೆ ನಾವು ಮೀನುಗಳಂತೆ ಮೇಲಕ್ಕೇರುತ್ತಿದ್ದೆವು. ಕಲ್ಲುಗಳ ಮೇಲೆ ಬಣ್ಣದ ಏಡಿಗಳು ಎದುರಾದರೆ ದಾರಿ ಬಿಡಬೇಕಾದವರು ನಾವೇ. ಮಾವನವರು ಮಾತ್ರ ತಮ್ಮ ಕರಿ ಕೊಡೆ ಹಿಡಿದು, ಗಾಳಿಗೆ ಅದು ತಿರುವುಮುರುವಾದಾಗಲೆಲ್ಲ ನಿಂತು ಸರಿಮಾಡಿಕೊಂಡು, ಪ್ಲಾಟ್‌ಫಾರ್ಮಿನ ಮೇಲೆ ನಡೆಯುವವರಂತೆ ನನ್ನ ಮುಂದೆ ನಡೆಯುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಒಂದು ದೊಡ್ಡ ಹಳ್ಳ ಅಡ್ಡ ಬಂತು. ಅದರ ಸದ್ದು ಬಹಳ ಹಿಂದಿನಿಂದಲೇ ಕೇಳುತ್ತಿತ್ತು. ನಾನು ಯಾವುದೋ ಕಾರ್ಖಾನೆ ಇರಬೇಕು ಎಂದುಕೊಂಡಿದ್ದೆ. ಕಾಫಿ ಬಣ್ಣದ ನೀರು ಮರದ ಕೊಂಬೆಗಳನ್ನು ಕಡ್ಡಿಗಳಂತೆ ಎತ್ತಿಕೊಂಡು ಓಡುತ್ತಿತ್ತು. ನಮ್ಮ ಗುಂಪಿನ ನಾಯಕಿ ಸಾಯಲಿ ಎಂಬ ಹುಡುಗಿ ಎರಡೂ ಕೈ ಚಾಚಿ ನಿಂತು, "ಥಾಂಬಾ! ಕುಣೀ ಪುಢೆ ಜಾಯ್ಚ ನಾಹೀ!" ಎಂದು ಮರಾಠಿಯಲ್ಲಿ ಕೂಗಿ, ಯಾರೂ ಮುಂದೆ ಹೋಗದಂತೆ ತಡೆದಳು. ನೀರು ಇಳಿದರೆ ದಾಟುವುದು, ಇಳಿಯದಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಎಂದಳು. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದರೆ ಮುಖವನ್ನು ಆಚೆ ತಿರುಗಿಸಿಕೊಳ್ಳಬೇಕಾಯಿತು. ಮಾವನವರ ಮುಖ ನೋಡಿದೆ. ಅವರು ಹಳ್ಳದ ಆ ದಡವನ್ನೇ ನೋಡುತ್ತಾ ಒಂದು ಬಂಡೆಯ ಮೇಲೆ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ. ನಡುವೆ ಇಡಲು ದಿನಪತ್ರಿಕೆಯೂ ಇರಲಿಲ್ಲ.

ಆಗ ಮಂಜು ಸರಿಯಿತು.

ನಾವು ಕುಳಿತದ್ದು ಬೆಟ್ಟದ ಅಂಚಿನಲ್ಲಿ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಎಡಕ್ಕೆ ನೆಲ ಮುಗಿದು ಹೋಗಿತ್ತು. ಆಚೆ ಒಂದು ಕರಿಯ ಗೋಡೆ, ಆಕಾಶದಿಂದ ಕೊಂಕಣದವರೆಗೆ. ಅದರ ಉದ್ದಕ್ಕೂ ಜಲಪಾತಗಳು, ಕಣ್ಣು ಹೋದಲ್ಲೆಲ್ಲ ಬೆಳ್ಳಗೆ, ಯಾರೋ ಬೆಟ್ಟಕ್ಕೆ ಹಾಲಿನ ಅಭಿಷೇಕ ಮಾಡುತ್ತಿರುವಂತೆ. ಅದಕ್ಕಿಂತ ವಿಚಿತ್ರವೆಂದರೆ, ನಮ್ಮ ಹತ್ತಿರದ ಒಂದು ಜಲಪಾತ ಕೆಳಗೆ ಬೀಳುತ್ತಲೇ ಇರಲಿಲ್ಲ. ಕಣಿವೆಯಿಂದ ನುಗ್ಗಿದ ಗಾಳಿ ಅದನ್ನು ಹಿಡಿದೆತ್ತಿ, ಹೊಗೆಯಂತೆ ಮೇಲಕ್ಕೆ ತೂರಿ ನಮ್ಮ ತಲೆಯ ಮೇಲೆ ಚೆಲ್ಲುತ್ತಿತ್ತು. ನೀರು ಮೇಲಕ್ಕೆ ಹೋಗುವುದನ್ನು ನಾನು ಪಂಪಿಲ್ಲದೆ ಎಂದೂ ಕಂಡವನಲ್ಲ. ಬಾಯಿ ತೆರೆದವನು ಮುಚ್ಚಲು ಮರೆತೆ, ಅದೂ ತುಂಬಿತು. ಮಾವನವರು ಕೊಡೆ ಮಡಿಸಿ, ತಲೆಯ ಟೊಪ್ಪಿಗೆ ತೆಗೆದು, ತೊಡೆಯ ಮೇಲಿಟ್ಟುಕೊಂಡರು.

"ಅಳಿಯಾರ, ಆ ಕಡೆ ಬಿದ್ದ ಹನಿ ಕೊಂಕಣಕ್ಕ ಹೋಗ್ತದ. ಈ ಕಡೆ ಬಿದ್ದದ್ದು ದೌಂಡಕ್ಕ ಬರ್ತದ. ಈ ಗಾಳಿ ನೋಡ್ರಿ, ಕೊಂಕಣದವರ ಪಾಲೂ ನಮಗಽ ಕೊಡ್ಲಿಕ್ಕತ್ತದ" ಎಂದರು. ಅವರು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಈ ಹಳ್ಳವೂ ದೌಂಡಕ್ಕೇ ಬರುತ್ತಾ ಮಾವ?"

"ಎಲ್ಲಾ ಅಲ್ಲಿಗೇ ಬರ್ತದ್ರಿ. ಇಂದ್ರಾಯಣಿ ಬರ್ತಾಳ, ನಿಮ್ಮ ಪುಣೆಯ ಮುಳಾ-ಮುಠಾ ಹೊಳಿನೂ ಬರ್ತಾಳ." ಹಳ್ಳವನ್ನೇ ನೋಡುತ್ತಾ ಸೇರಿಸಿದರು: "ಮದುವಿ ಆದಾಗಿಂದ ಕೋಥರೂಡದಾಗ ನೀವು ಸ್ನಾನಾ ಮಾಡಿದ ನೀರೂ ನಮ್ಮೂರಿಗೇ ಬರ್ಲಿಕ್ಕತ್ತದ. ನಾನೇನರ ಅಂದೀನೇನ್ರಿ?"

ನಾನು ನಕ್ಕೆ. ಅವರೂ ನಕ್ಕರು. ನಗು ತಡೆಯಲಾಗದೆ ಇಬ್ಬರೂ ಬಂಡೆಯಿಂದ ಜಾರುವುದರಲ್ಲಿದ್ದೆವು. ಆಮೇಲೆ ಮಾತು ಹಳ್ಳಕ್ಕಿಂತ ಜೋರಾಗಿ ಹರಿಯಿತು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕುಳಿತು ಇದೇ ಘಾಟನ್ನು ನೋಡುತ್ತಿದ್ದುದನ್ನು ಹೇಳಿದರು. "ಹೇಳ್ಬೇಕಂದ್ರ ಬಾಜೂಕ ಯಾರೂ ಇರ್ತಿರಲಿಲ್ರಿ" ಎಂದರು.

ಮಳೆ ತಗ್ಗಿ, ನೀರು ತೊಡೆಯ ಮಟ್ಟಕ್ಕಿಳಿದು ಹರಿವು ಮೆತ್ತಗಾದ ಮೇಲೆ ಸಾಯಲಿ ಆ ದಡಕ್ಕೂ ಈ ದಡಕ್ಕೂ ಹಗ್ಗ ಕಟ್ಟಿಸಿದಳು. ಒಬ್ಬರ ಹಿಂದೊಬ್ಬರು ಹಗ್ಗ ಹಿಡಿದು ದಾಟಿದರು. ಮಾವನವರು ನನ್ನ ಮುಂದೆ, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೊಡೆ. ನಾನು ನಡುನೀರಿಗೆ ಬಂದಾಗ ಕಾಲ ಕೆಳಗಿನ ಕಲ್ಲು ಉರುಳಿತು. ಬೆನ್ನಿನ ಚೀಲ ಒಂದು ಕಡೆಗೆ ಎಳೆಯಿತು, ಕೈಯಿಂದ ಹಗ್ಗ ಜಾರಿತು, ನೀರು ಎದೆಗೆ ಬಡಿಯಿತು. ಅಷ್ಟರಲ್ಲಿ ಯಾರೋ ನನ್ನ ಕೊರಳಪಟ್ಟಿ ಹಿಡಿದು ಎಳೆದರು.

"ಏ ಹುಚ್ಚಪ್ಪಾ! ಹಗ್ಗಾ ಹಿಡಿಯೋ! ನೀರು ನೋಡಬ್ಯಾಡ, ನನ್ನ ಮಾರಿ ನೋಡು! ಇಡು ಕಾಲು!"

ನಾನು ಅವರ ಮುಖವನ್ನೇ ನೋಡಿದೆ, ಕಾಲಿಟ್ಟೆ, ಹೇಗೋ ದಡ ಸೇರಿದೆ. ನನ್ನನ್ನು ಹಿಡಿಯಲು ಅವರು ಕೊಡೆ ಬಿಟ್ಟಿದ್ದರು. ಅದು ದೋಣಿಯಂತೆ ತೇಲುತ್ತಾ ತಿರುವಿನಲ್ಲಿ ಮಾಯವಾಯಿತು. "ಮಾವ, ನಿಮ್ಮ ಕೊಡೆ..." ಎಂದೆ, ಹಲ್ಲು ಕಟಕಟಿಸುತ್ತಾ. "ಹೋಗ್ಲಿ ಬಿಡ್ರಿ, ದೌಂಡಕ್ಕಽ ಹೋಗ್ತದ. ಮನಿಗೆ ಹೋಗಿ ಹಿಡಕೋತೀನಿ" ಎಂದರು. ಆಮೇಲೆ ಮೆಲ್ಲಗೆ, "ಗಡಿಬಿಡಿಯೊಳಗ ಬಾಯಾಗ ಏಕವಚನ ಬಂತು. ಮನಸಿಗೆ ಹಚ್ಚಿಕೋಬ್ಯಾಡ್ರಿ ಅಳಿಯಾರ" ಎಂದರು. ನಮ್ಮಪ್ಪ ಹೋದ ಮೇಲೆ ನನ್ನನ್ನು ಹಾಗೆ ಗದರಿಸಿದವರು ಯಾರೂ ಇರಲಿಲ್ಲ. ಅದನ್ನು ಹೇಳಬೇಕೆನಿಸಿತು, ಗಂಟಲಿಗೆ ನೀರು ಹೋದವನಂತೆ ಕೆಮ್ಮಿದೆ.

ಸಂಜೆ ಹಳ್ಳಿಯೊಂದರ ಮನೆಯಲ್ಲಿ ಒಲೆಯ ಮುಂದೆ ಕುಳಿತಾಗ ಸುಧಾಳ ಫೋನು ಬಂತು. ನಾನು ಬಾಯಿ ತೆರೆಯುವ ಮೊದಲೇ ಮಾವನವರು ಇಸಿದುಕೊಂಡರು. "ಹಳ್ಳದಾಗ ನನ್ನ ಕಾಲು ಜಾರಿತ್ತವಾ. ಅಳಿಯಾರು ಹಿಡದ್ರು. ಇಲ್ಲಾಂದ್ರ ಕೊಡಿ ಜೋಡಿ ನಾನೂ ಹೋಗ್ತಿದ್ದೆ" ಎಂದರು. ಎಂಥ ಸಲೀಸಾದ ಸುಳ್ಳು! ನಾನು ಏನೋ ಹೇಳಲು ಹೋದೆ. ಅವರು ಕೈಸನ್ನೆಯಲ್ಲೇ ಸುಮ್ಮನಿರಿಸಿ ನನ್ನ ಕಡೆಗೆ ಚಹಾದ ಲೋಟ ಸರಿಸಿದರು. ಆ ಬೆಟ್ಟ, ಆ ಜಲಪಾತಗಳು ನನ್ನನ್ನು ಎಷ್ಟು ದಂಗುಬಡಿಸಿದ್ದವೋ, ಆ ಮುದುಕರು ಅದಕ್ಕಿಂತ ಹೆಚ್ಚು ದಂಗುಬಡಿಸಿದರು.

ಮರುದಿನ ಭೀಮಾಶಂಕರ ಮುಟ್ಟಿದೆವು. ಮಂಜು, ಗಂಟೆಯ ಸದ್ದು, ಕಾಡಿನೊಳಗೆ ಕಲ್ಲುಗಳ ನಡುವೆ ಭೀಮೆ. ಅಷ್ಟು ಮಳೆಯಲ್ಲೂ ನಾನೂ ಒಂದೇ ಹೆಜ್ಜೆಗೆ ದಾಟಬಹುದಾದಷ್ಟು ಸಣ್ಣವಳು. ಮಾವನವರು ಬಾಗಿ ಬೊಗಸೆಯಲ್ಲಿ ನೀರೆತ್ತಿಕೊಂಡು ಬಹಳ ಹೊತ್ತು ನೋಡಿದರು. "ಇಷ್ಟಽ ಇದ್ದಾಕಿ ಅಷ್ಟು ದೂರ ಬರ್ತಾಳಲ್ಲರೀ!" ಎಂದಷ್ಟೇ ಅಂದರು.

ಇನ್ನು ನನ್ನ ಸ್ಥಿತಿ. ಸುಧಾ ತಂದೆಯ ಮಾತನ್ನು ನಂಬಿ ನಮ್ಮ ಹೌಸಿಂಗ್ ಸೊಸೈಟಿಗೆಲ್ಲ ಹೇಳಿಬಿಟ್ಟಿದ್ದಾಳೆ. ಮಳೆ ಜೋರಾಗಿ ನೆಲಮಾಳಿಗೆಯ ಪಾರ್ಕಿಂಗಿಗೆ ನೀರು ನುಗ್ಗಿದರೆ ಈಗ ಎಲ್ಲರೂ ಮೊದಲು ನಮ್ಮ ಬಾಗಿಲು ಬಡಿಯುತ್ತಾರೆ. ಪ್ರವಾಹ ದಾಟಿದ ಅನುಭವಿ ನಾನೊಬ್ಬನೇ ಅಂತೆ. ಹೋದ ವಾರವೂ ಕರೆದರು. ಎಲ್ಲರೂ ಮೆಟ್ಟಿಲ ಮೇಲೆ ನಿಂತು ಭಕ್ತಿಯಿಂದ ನೋಡುತ್ತಿರಲು ಪ್ಯಾಂಟು ಮಡಿಸಿ ಇಳಿದೆ. ನೀರು ಪಾದ ಮುಳುಗುವಷ್ಟಿತ್ತು. ನಾನು ಗೋಡೆ ಹಿಡಿದುಕೊಂಡೇ ಹೋದೆ.