ಬಾಯ್ಲರ್ ಪುಸ್ತಕದ ಪ್ರಕಾಶಕ ಮತ್ತು ನನ್ನ ಬೀಗಿತ್ತಿ

ಸತ್ತು ನೂರು ವರ್ಷ ದಾಟಿದ ಒಬ್ಬ ಮನುಷ್ಯನ ಜೀವನ ಬರೆಯುತ್ತೇನೆಂದು ಹೊರಟರೆ ಅವನೇನೂ ತೊಂದರೆ ಕೊಡುವುದಿಲ್ಲ. ಬದುಕಿರುವವರು ಕೊಡುತ್ತಾರೆ. ವಾರ ತಪ್ಪಿಸದೆ ಕೊಡುತ್ತಾರೆ. ಎಲ್ಲವನ್ನೂ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಹದಿಮೂರು ನೋಟ್‌ಬುಕ್ ತುಂಬಿವೆ. ಅದರಲ್ಲಿ ಅರ್ಧ ಅವನ ಜೀವನ, ಇನ್ನರ್ಧ ನನ್ನ ಸಿಟ್ಟು.

೧. ಚೀಟಿ

ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಮೈಸೂರಿನಲ್ಲಿ ಓದಿ, ಮದುವೆಯಾಗಿ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು, ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ರಕ್ತ ಪರೀಕ್ಷೆ ಮಾಡಿದೆ. ಅಷ್ಟು ವರ್ಷದಲ್ಲಿ ಯಾವ ದೊಡ್ಡ ಡಾಕ್ಟರೂ ‘ತಪ್ಪು ನನ್ನದು’ ಎಂದದ್ದನ್ನು ಕೇಳಲಿಲ್ಲ. ತಪ್ಪೆಲ್ಲ ಯಾವಾಗಲೂ ಲ್ಯಾಬಿನದೇ.

ನಿವೃತ್ತಿಯಾದ ಮೇಲೆ ಹೆಡಿಂಗ್ಲೀ ಬಡಾವಣೆಯಲ್ಲಿ, ದಾನ ಬಂದ ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಯೊಂದರಲ್ಲಿ ಒಂದು ಹಳೆಯ ಪುಸ್ತಕ ಸಿಕ್ಕಿತು. ಗಿರಣಿಗಳಲ್ಲಿ ಉಗಿ ಬಾಯ್ಲರ್ ನೋಡಿಕೊಳ್ಳುವ ಕೆಲಸಗಾರರಿಗಾಗಿ ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಊರಿನಲ್ಲಿ ಅಚ್ಚಾದ ಕೈಪಿಡಿ. ಒಳಗೆ ಒಂದು ಪುಟದ ಮೇಲೆ ಸಣ್ಣ ಚೀಟಿ ಅಂಟಿಸಿತ್ತು. ‘ತಪ್ಪು’ ಎಂದು ಒಂದು ಸಾಲು, ‘ಒಪ್ಪು’ ಎಂದು ಒಂದು ಸಾಲು. ಅದರ ಕೆಳಗೆ ‘ಕಂಡುಹಿಡಿದವರು’ ಎಂದು ಯಾವುದೋ ಬಣ್ಣದ ಗಿರಣಿಯ ಕೂಲಿಯೊಬ್ಬನ ಪೂರ್ತಿ ಹೆಸರು, ಕೊನೆಗೆ ‘ಪ್ರಕಾಶಕರು ಋಣಿ’.

ಹುಡುಕುತ್ತಾ ಹೋದೆ. ಈ ಪ್ರಕಾಶಕನ ಅಣ್ಣ ಬಾಯ್ಲರ್ ಸಿಡಿದು ಸತ್ತಿದ್ದ. ಅವನ ಕೈಯಲ್ಲಿದ್ದ ಪುಸ್ತಕದಲ್ಲಿ ಒತ್ತಡದ ಅಂಕಿಯೊಂದು ತಪ್ಪಾಗಿತ್ತು. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಲ್ಲಿದ್ದ ತಮ್ಮ ಆಮೇಲೆ ತಾನೇ ಪ್ರಕಾಶಕನಾದ. ಬಾಯ್ಲರ್, ಬಣ್ಣಗಾರಿಕೆ, ಗಣಿಗೆ ಗಾಳಿ ಆಡಿಸುವ ವಿಧಾನ, ಇಂಥವನ್ನೇ ಪ್ರಕಟಿಸಿದ. ಯಾರು ತಪ್ಪು ತೋರಿಸಿದರೂ ಚೀಟಿ ಅಚ್ಚು ಹಾಕಿ, ಉಳಿದ ಪ್ರತಿಗಳಿಗೆಲ್ಲ ಅಂಟಿಸಿ, ಅವರ ಹೆಸರು ಹಾಕಿ ಉಪಕಾರ ಸ್ಮರಿಸಿದ. ಅದು ಅವನ ವ್ರತ. ಒಮ್ಮೆ ಅವನ ಪುಸ್ತಕವನ್ನು ಪತ್ರಿಕೆಯಲ್ಲಿ ಬೈದು ಬರೆದ ಎದುರಾಳಿ ಪ್ರಕಾಶಕನ ಹೆಸರನ್ನೂ ಹಾಕಿದ್ದಾನೆ.

ಚೀಟಿ ಓದಿ ನನ್ನ ಕಣ್ಣು ತುಂಬಿತು. ಪುಸ್ತಕವನ್ನು ನಮ್ಮವರಿಗೆ ತೋರಿಸಿದೆ. ಅವರು ನಿವೃತ್ತ ಎಂಜಿನಿಯರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

“ನಮ್ಮ ಬಾಯ್ಲರ್ ಕೆಟ್ಟು ಹತ್ತು ದಿನ ಆಯ್ತು. ಬಿಸಿನೀರು ಬರೋದಕ್ಕೆ ಇದರಲ್ಲಿ ಏನಾದ್ರೂ ಹೇಳಿದ್ದಾನಾ ನೋಡು.”

೨. ವಂಶಸ್ಥೆ

ಅವನ ಪತ್ರಗಳು ಒಂದು ದಾಖಲೆ ಕಚೇರಿಯಲ್ಲಿದ್ದವು. ಅಲ್ಲಿ ಪೆನ್ನು ಒಯ್ಯುವ ಹಾಗಿಲ್ಲ, ಕೋಟು ಹೊರಗೆ, ಬ್ಯಾಗು ಹೊರಗೆ, ಪೆನ್ಸಿಲ್ ಒಂದೇ ಒಳಗೆ. ಅದೆಲ್ಲ ಸರಿ, ಶಿಸ್ತು ನನಗೆ ಇಷ್ಟ. ಆದರೆ ಮೇಜಿನ ಹಿಂದೆ ಕೂತಿದ್ದ ಹುಡುಗಿ ಕಂಪ್ಯೂಟರ್ ನೋಡುತ್ತಾ ಕೇಳಿದಳು, “ಯಾವ ಯೂನಿವರ್ಸಿಟಿಯಿಂದ?”

“ಯಾವುದೂ ಇಲ್ಲ.”

“ಹಾಗಾದರೆ ಕುಟುಂಬದ ಇತಿಹಾಸ. ಅವರು ನಿಮಗೆ ಏನಾಗಬೇಕು?”

“ಏನೂ ಆಗಬೇಕಿಲ್ಲ. ಅವನ ಬಗ್ಗೆ ತಿಳಿಯಬೇಕು, ಅಷ್ಟೆ.”

“ಅದಕ್ಕೆ ಈ ಫಾರಂನಲ್ಲಿ ಜಾಗ ಇಲ್ಲ,” ಎಂದಳು. ಪಾಪ, ಅವಳಿಗೆ ನಿಜವಾಗಿಯೂ ಬೇಜಾರಾಗಿತ್ತು. ಸಂಬಂಧವಿಲ್ಲದವಳಿಗೆ ಒಬ್ಬ ಮನುಷ್ಯನ ಮೇಲೆ ಆಸಕ್ತಿ ಇರಬಹುದು ಎಂದು ಆ ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ಏನೋ ಒತ್ತಿ ನನ್ನನ್ನು ಒಳಗೆ ಬಿಟ್ಟಳು.

ತಿಂಗಳಾದ ಮೇಲೆ ಮನೆಗೆ ಕಾಗದ ಬಂತು. ‘ಮಾನ್ಯ ವಂಶಸ್ಥರೇ, ನಿಮ್ಮ ಪೂರ್ವಜರ ಪತ್ರಗಳನ್ನು ನೀವು ನಮ್ಮಲ್ಲಿ ನೋಡಿದ್ದಕ್ಕೆ ಸಂತೋಷ.’

ನಾಲ್ಕು ಸಲ ತಿದ್ದುಪಡಿ ಬರೆದೆ. ನಾಲ್ಕು ಸಲವೂ ವಂಶಸ್ಥೆಗೇ ಉತ್ತರ ಬಂತು. ನಾನು ಕೂಗಾಡುತ್ತಿದ್ದಾಗ ನಮ್ಮವರು ಕಾಗದವನ್ನು ಓದಿ, ಮಡಿಸಿ, ಕನ್ನಡಕ ತೆಗೆದರು.

“ಈಗ ಅರ್ಥ ಆಯ್ತು. ನಮ್ಮ ಮದುವೆಗೆ ಅವರ ಕಡೆಯವರು ಒಬ್ಬರೂ ಬರಲಿಲ್ಲ, ಏನೋ ಅಸಮಾಧಾನ ಇರಬೇಕು.”

೩. ಹತ್ತು ನಿಮಿಷದ ಭಾಷಣ

ಆ ವಸಂತದಲ್ಲಿ ನನ್ನ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ದಾವಣಗೆರೆಯಿಂದ ಬಂದು ಮೂರು ತಿಂಗಳು ಉಳಿದರು. ಮಗ ಸೊಸೆ ನಮ್ಮ ಬೀದಿಯಲ್ಲೇ ಇರುವುದರಿಂದ ಅವರು ಹಗಲೆಲ್ಲ ನಮ್ಮ ಮನೆಯಲ್ಲೇ. ಒಳ್ಳೆಯವರು. ಆದರೆ ವಾಸ್ತು. ಫೋನಿನಲ್ಲಿ ದಿಕ್ಸೂಚಿ ಇಟ್ಟುಕೊಂಡು, ಚಪ್ಪಲಿ ಬಿಡುವ ಮೊದಲೇ ನಮ್ಮ ಹೊಸ್ತಿಲ ಮೇಲೆ ನಿಂತು ನೋಡಿದರು.

“ಬೀಗರೇ, ದಕ್ಷಿಣದ ಬಾಗಿಲು. ಅದಕ್ಕೇ ನಿಮ್ಮ ಮಂಡಿ ನೋವು.”

“ಮಂಡಿ ನೋವು ಅರವತ್ತೆಂಟು ವರ್ಷಕ್ಕೆ ಬಂದದ್ದು. ಬಾಗಿಲಿಂದ ಬಂದದ್ದಲ್ಲ,” ಎಂದೆ.

“ನಾನೇನೂ ಹೇಳಲಿಲ್ಲಪ್ಪ,” ಎಂದರು. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವರು ಹೇಳುವ ಮಾತು ಇದು. ಸೂಪರ್ ಮಾರ್ಕೆಟ್ಟು, ಡಾಕ್ಟರ ಕ್ಲಿನಿಕ್ಕು, ಬಸ್ ನಿಲ್ದಾಣ, ಯಾವುದರ ಬಾಗಿಲನ್ನೂ ಬಿಡಲಿಲ್ಲ. ಬಿ.ಎಸ್ಸಿ. ಓದಿದ ನನ್ನ ರಕ್ತ ಕುದಿಯುತ್ತಿತ್ತು.

ಯುಗಾದಿಯ ದಿನ ಇಲ್ಲಿನ ಕನ್ನಡದವರ ಕೂಟದಲ್ಲಿ ನನ್ನ ಪ್ರಕಾಶಕನ ಬಗ್ಗೆ ಮಾತಾಡಲು ಹತ್ತು ನಿಮಿಷ ಕೊಟ್ಟರು. ಮಕ್ಕಳ ವೇಷದ ಸ್ಪರ್ಧೆ ಮುಗಿದ ಮೇಲೆ, ಊಟಕ್ಕಿಂತ ಮೊದಲು. ಹೋಳಿಗೆಯ ವಾಸನೆ ಬರುತ್ತಿರುವಾಗ ಬಾಯ್ಲರ್ ಬಗ್ಗೆ ಯಾರು ಕೇಳುತ್ತಾರೆ? ಮುಂದಿನ ಸಾಲಿನಲ್ಲೇ ಬೀಗಿತ್ತಿ ತಲೆ ಒಂದು ಕಡೆ ವಾಲಿಸಿ ಕಣ್ಣು ಮುಚ್ಚಿಕೊಂಡಿದ್ದರು. ಅವರನ್ನು ನೋಡದೆ, ಪ್ರಕಾಶಕ ತನ್ನ ಪುಸ್ತಕವೊಂದರ ಮುನ್ನುಡಿಯಲ್ಲಿ ಬರೆದ ಸಾಲುಗಳನ್ನು ನಿಧಾನವಾಗಿ ಓದಿದೆ: ‘ನಮ್ಮ ಅಚ್ಚುಕೂಟದ ಮುಂಬಾಗಿಲಿನಿಂದ ಬೆಳಗಿನ ಬಿಸಿಲು ನೇರ ಒಳಗೆ ಬರುತ್ತದೆ. ಅಚ್ಚಿನ ಮೊಳೆ ಜೋಡಿಸುವವರು ಆ ಬೆಳಕಿನಲ್ಲೇ ಕೆಲಸ ಮಾಡುವುದರಿಂದ ನಮ್ಮಲ್ಲಿ ತಪ್ಪು ಕಡಿಮೆ.’

ಪ್ರಶ್ನೆಗಳಿವೆಯಾ ಎಂದು ಕೇಳಿದೆ. ಒಬ್ಬರು ಕೈ ಎತ್ತಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ನೋಟ್‌ಬುಕ್ಕನ್ನೇ ತೆರೆದು ಹಿಡಿದೆ.

“ಆಂಟಿ, ಇವರು ಕನ್ನಡ ಪುಸ್ತಕ ಹಾಕ್ತಾರಾ? ನಮ್ಮ ಮಾವನವರ ಭಕ್ತಿಗೀತೆಗಳು ರೆಡಿ ಇವೆ.”

“ಅವನು ಸತ್ತು ನೂರು ವರ್ಷದ ಮೇಲಾಯ್ತಪ್ಪ. ಈಗ ತಾನೇ ಹೇಳಿದೆ.”

“ಹೌದಾ. ಮಕ್ಕಳು ಯಾರೂ ಮುಂದುವರಿಸ್ತಿಲ್ವಾ?”

೪. ನಾಯಿಯ ಪದ್ಯ

ಊರಿನ ಇತಿಹಾಸ ಸಂಘವೊಂದು ಅವನ ಅಚ್ಚುಕೂಟವಿದ್ದ ಕಟ್ಟಡಕ್ಕೆ ಫಲಕ ಹಾಕಲು ತೀರ್ಮಾನಿಸಿತು. ಅರ್ಜಿ ನನ್ನದೇ, ಹಿಂದಿನ ವರ್ಷವೇ ಹಾಕಿದ್ದು. ಕಟ್ಟಡ ಗುರುತಿಸಿದ್ದೂ ನಾನೇ. ಹಳೆಯ ವಿಳಾಸಪಟ್ಟಿಯಿಂದ ಬೀದಿ ಮತ್ತು ಮನೆ ನಂಬರು ಬರೆದುಕೊಂಡು, ಅದೇ ಬೀದಿಗೆ ಹೋಗಿ, ಅದೇ ನಂಬರಿನ ಕಟ್ಟಡವನ್ನು ಪೋಸ್ಟ್‌ಕೋಡ್ ಸಮೇತ ಒಂಬತ್ತನೇ ನೋಟ್‌ಬುಕ್ಕಿನಲ್ಲಿ ದಾಖಲಿಸಿದ್ದೆ.

ಆಮೇಲೆ ಫಲಕದ ಕರಡು ಬಂತು. ‘ಕಾವ್ಯ ಪ್ರಕಾಶಕ ಇಲ್ಲಿದ್ದರು.’

ಅಧ್ಯಕ್ಷರಿಗೆ ಫೋನ್ ಮಾಡಿದೆ. “ಕಾವ್ಯ ಎಲ್ಲಿಂದ ಬಂತು?”

“ಅವರು ಒಂದು ಪದ್ಯದ ಪುಸ್ತಕ ಹಾಕಿದ್ದಾರೆ. ತೀರಿಕೊಂಡ ನಾಯಿಯ ಬಗ್ಗೆ. ಬಹಳ ಮುದ್ದಾಗಿದೆ.”

“ಅದು ಅವನ ಅತ್ತೆ ಬರೆದದ್ದು. ಹಾಕದಿದ್ದರೆ ಮನೆಗೆ ಬಂದು ಉಳಿಯುತ್ತೇನೆ ಎಂದು ಹೆದರಿಸಿದ್ದಳು. ಆ ಪತ್ರದ ನಕಲು ನನ್ನ ಹತ್ತಿರ ಇದೆ. ಮಿಕ್ಕಿದ ಪುಸ್ತಕಗಳೆಲ್ಲ ತಾಂತ್ರಿಕ.”

“ಬಾಯ್ಲರ್ ಅಂದರೆ ಜನ ನಿಂತು ಓದುವುದಿಲ್ಲ, ಮೇಡಂ. ನಾಯಿ ಅಂದರೆ ನಿಲ್ಲುತ್ತಾರೆ.”

ಅವನ ಅಣ್ಣ ಸತ್ತದ್ದು ನಾಯಿ ಕಚ್ಚಿ ಅಲ್ಲ. ಮುಂದಿನ ಸಭೆಗೆ ನಾನು ತರಕಾರಿ ತರುವ ಗಾಲಿ ಚೀಲದಲ್ಲಿ ಹದಿಮೂರೂ ನೋಟ್‌ಬುಕ್ ಎಳೆದುಕೊಂಡು ಹೋದೆ. ಚಹಾ ಬಿಸ್ಕತ್ತು ಮುಗಿದ ಮೇಲೆ ಎದ್ದು ನಿಂತು, “ಇವನ್ನು ಮೊದಲಿಂದ ಓದುತ್ತೇನೆ, ಎಲ್ಲಾದರೂ ತಪ್ಪಿದ್ದರೆ ಹೇಳಿ,” ಎಂದು ಒಂದನೇ ನೋಟ್‌ಬುಕ್ಕಿನ ಒಂದನೇ ಪುಟ ಶುರುಮಾಡಿದೆ.

ಎರಡನೇ ಪುಟಕ್ಕೆ ಮತಕ್ಕೆ ಹಾಕಿದರು. ‘ವಿಜ್ಞಾನ ಮತ್ತು ತಾಂತ್ರಿಕ ಪುಸ್ತಕಗಳ ಪ್ರಕಾಶಕ’ ಎಂದು ಸರ್ವಾನುಮತದಿಂದ ಒಪ್ಪಿದರು. ಮೂರನೇ ಪುಟದಲ್ಲಿ ಅವನ ಬಾಲ್ಯ ಬರುತ್ತದೆ, ಬಹಳ ಚೆನ್ನಾಗಿದೆ. ಯಾರಿಗೂ ಬೇಡವಾಯಿತು.

೫. ಪರದೆ ಸರಿದ ಮೇಲೆ

ಲೀಡ್ಸ್‌ನಲ್ಲಿ ಬಿಸಿಲು ಬೀಳುವುದು ಅಪರೂಪ. ಫಲಕ ಅನಾವರಣದ ಬೆಳಿಗ್ಗೆಯೇ ಬೀಳಬೇಕೇ? ಚಿಕ್ಕ ಪರದೆ, ಮೂವತ್ತು ಜನ, ಕೌನ್ಸಿಲಿನ ಒಬ್ಬ ಸದಸ್ಯರು. ನಾನು ರೇಷ್ಮೆ ಸೀರೆ ಉಟ್ಟು ಅದರ ಮೇಲೆ ಕೋಟು ಹಾಕಿದ್ದೆ. ಪರದೆ ಸರಿಯಿತು. ಒಂದು ಅಕ್ಷರವೂ ತಪ್ಪಿಲ್ಲ. ನಾಲ್ಕು ವರ್ಷದ ಕೆಲಸ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಬೀಗಿತ್ತಿ ಫೋನು ಹಿಡಿದು ನನ್ನ ಪಕ್ಕಕ್ಕೆ ಬಂದರು.

“ಬೀಗರೇ, ಇದು ಪಶ್ಚಿಮದ ಬಾಗಿಲು.”

“ಇವತ್ತೊಂದು ದಿನ ನಿಮ್ಮ ವಾಸ್ತು ಬಿಡಿ,” ಎಂದು ಹಲ್ಲು ಕಚ್ಚಿಕೊಂಡು ಹೇಳಿದೆ.

“ವಾಸ್ತು ಅಲ್ಲ. ಯುಗಾದಿ ದಿನ ನೀವೇ ಓದಿದ್ರಿ, ಬೆಳಗಿನ ಬಿಸಿಲು ಮುಂಬಾಗಿಲಿಂದ ಒಳಗೆ ಬರ್ತಿತ್ತು ಅಂತ. ಪಶ್ಚಿಮದ ಬಾಗಿಲಿಗೆ ಬೆಳಗಿನ ಬಿಸಿಲು ಹೇಗೆ ಬರುತ್ತೆ?”

“ನೀವು ನಿದ್ದೆ ಮಾಡ್ತಿದ್ರಿ.”

“ಕಣ್ಣು ಮುಚ್ಚಿದ್ದೆ. ಬಾಗಿಲಿನ ವಿಷಯ ಬಂದಾಗ ಕೇಳಿಸ್ತು,” ಎಂದು ರಸ್ತೆಯ ಆಚೆ ಕಡೆ ಕೈ ತೋರಿಸಿದರು. ಬಿಸಿಲು ಪೂರ್ತಿ ಎದುರಿನ ಕಟ್ಟಡದ ಬಾಗಿಲಿಗೆ ಬಿದ್ದಿತ್ತು. “ನಾನೇನೂ ಹೇಳಲಿಲ್ಲಪ್ಪ.”

ಸೀರೆಯಲ್ಲೇ ಲೈಬ್ರರಿಗೆ ಹೋದೆ. ಹಳೆಯ ನಕ್ಷೆಗಳನ್ನು ತೆಗೆಸಿದೆ. ಅವನು ಸತ್ತ ಮೇಲೆ ಆ ಬೀದಿಯ ಮನೆಗಳಿಗೆಲ್ಲ ಹೊಸದಾಗಿ ನಂಬರು ಕೊಟ್ಟಿದ್ದರು. ಎದುರು ಸಾಲಿನ ನಂಬರು ಈ ಸಾಲಿಗೆ ಬಂದಿತ್ತು. ನಾನು ಕಾಗದದ ನಂಬರನ್ನು ನಂಬಿ, ಕಣ್ಣೆದುರಿನ ಬಾಗಿಲು ಯಾವ ಕಡೆಗಿದೆ ಎಂದು ನೋಡಿರಲಿಲ್ಲ. ಅಚ್ಚುಕೂಟವಿದ್ದದ್ದು ಎದುರುಗಡೆ. ಈಗ ಅಲ್ಲಿ ವೇಪ್ ಎಂಬ ಬ್ಯಾಟರಿ ಸಿಗರೇಟು ಮಾರುವ ಅಂಗಡಿ ಇದೆ, ಒಳಗೆ ಹುಡುಗರು ಬುಸುಬುಸು ಹೊಗೆಯಂಥ ಆವಿ ಬಿಡುತ್ತಿರುತ್ತಾರೆ. ಬಾಯ್ಲರ್ ಪುಸ್ತಕ ಹುಟ್ಟಿದ ಜಾಗದಲ್ಲಿ ಇವತ್ತಿಗೂ ಆವಿಯದೇ ವ್ಯಾಪಾರ.

“ಬಿಡು, ಯಾರಿಗೆ ಗೊತ್ತಾಗುತ್ತೆ?” ಎಂದರು ನಮ್ಮವರು. “ಬೀಗಿತ್ತಿ ಗುರುವಾರ ವಿಮಾನ ಹತ್ತುತ್ತಾರೆ.”

ನನಗೂ ಒಂದು ಗಂಟೆ ಹಾಗೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮೇಜಿನ ಮೇಲಿದ್ದ ಬಾಯ್ಲರ್ ಪುಸ್ತಕ ಕಣ್ಣಿಗೆ ಬಿತ್ತು. ತನ್ನನ್ನು ಬೈದವನ ಹೆಸರನ್ನೂ ಅಚ್ಚು ಹಾಕಿದ ಮನುಷ್ಯ ಅವನು. ಅವನ ಜೀವನ ಬರೆಯುವವಳು ನಾನು. ಲ್ಯಾಬಿನಲ್ಲಿ ಮೂವತ್ತು ವರ್ಷ ದೊಡ್ಡ ಡಾಕ್ಟರುಗಳ ಬಾಯಿಂದ ಯಾವ ಮಾತಿಗಾಗಿ ಕಾದಿದ್ದೆನೋ, ಆ ಮಾತು ಈಗ ನನ್ನ ಬಾಯಿಂದ ಬರಬೇಕಿತ್ತು. ಅಧ್ಯಕ್ಷರಿಗೆ ಫೋನ್ ಮಾಡಿದೆ. ಫಲಕ ಬದಲಿಸಲು ಮತ್ತೆ ಅರ್ಜಿ, ಮತ್ತೆ ಸಮಿತಿ, ಒಂದು ವರ್ಷವಾದರೂ ಬೇಕು ಎಂದರು.

ಒಂದು ವರ್ಷ ತಪ್ಪು ನಿಂತಿರಬೇಕಂತೆ. ನಾನು ಅವನ ಚೀಟಿಯ ಅಳತೆಯಲ್ಲೇ ಇಂಗ್ಲಿಷಿನಲ್ಲಿ ಒಂದು ಚೀಟಿ ಮಾಡಿದೆ.

‘ತಪ್ಪು: ಈ ಕಟ್ಟಡ. ಒಪ್ಪು: ಎದುರಿನ ಕಟ್ಟಡ. ಕಂಡುಹಿಡಿದವರು:’ ಎಂದು ಬರೆದು, ಅರ್ಧ ದಿನ ಬಿಟ್ಟು, ಬೀಗಿತ್ತಿಯ ಹೆಸರನ್ನು ಊರಿನ ಸಮೇತ ಪೂರ್ತಿ ಬರೆದೆ. ‘ಸಂಶೋಧಕರು ಋಣಿ.’

ಬುಧವಾರ ಬೆಳಿಗ್ಗೆ ಮೈದಾಹಿಟ್ಟಿನ ಅಂಟು ಕಾಯಿಸಿಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಬೀಗಿತ್ತಿ ಬಟ್ಟಲು ಹಿಡಿದರು, ಫಲಕದ ಕೆಳಗೆ ನಾನು ಚೀಟಿ ಅಂಟಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದರು.

“ನಿಮ್ಮ ಹೆಸರೇ ಇಲ್ವಲ್ಲ, ಬೀಗರೇ.”

ಇರಲಿಲ್ಲ. ನಾಲ್ಕು ವರ್ಷ, ಹದಿಮೂರು ನೋಟ್‌ಬುಕ್ಕು. ಆ ಗೋಡೆಯ ಮೇಲೆ ಒಂದು ಹೆಸರು ಪ್ರಕಾಶಕನದು, ಇನ್ನೊಂದು ಭಾಷಣದಲ್ಲಿ ಕಣ್ಣು ಮುಚ್ಚಿ ಕೂತಿದ್ದವರದು. ಅವರು ಅದರ ಫೋಟೋ ತೆಗೆದು ಅಲ್ಲಿಂದಲೇ ದಾವಣಗೆರೆಗೆಲ್ಲ ಕಳಿಸಿದರು. ಇಂಗ್ಲೆಂಡಿನಲ್ಲಿ ಅವರಿಗೆ ಫಲಕ ಹಾಕಿದ್ದಾರೆ ಎಂದು ಅವರ ಬೀದಿಯವರು ಈಗಲೂ ನಂಬಿದ್ದಾರೆ.

ಎರಡು ವಾರದ ಮೇಲೆ ಅಧ್ಯಕ್ಷರ ಫೋನ್ ಬಂತು. ಅಪ್ಪಣೆ ಇಲ್ಲದೆ ಗೋಡೆಗೆ ಚೀಟಿ ಅಂಟಿಸಿದ್ದಕ್ಕೆ ಬೈಯುತ್ತಾರೆಂದು ನಾನು ಉತ್ತರ ಸಿದ್ಧಮಾಡಿಕೊಂಡೇ ಎತ್ತಿದೆ.

“ಮೇಡಂ, ಜನ ನಿಂತು ಓದುತ್ತಿದ್ದಾರೆ. ಫಲಕವನ್ನಲ್ಲ, ಚೀಟಿಯನ್ನು. ಓದಿ, ತಿರುಗಿ, ಎದುರಿನ ಕಟ್ಟಡ ನೋಡುತ್ತಾರೆ. ನಾಯಿ ಹಾಕಿದ್ದರೂ ಇಷ್ಟು ಜನ ನಿಲ್ಲುತ್ತಿರಲಿಲ್ಲ. ಮುಂದಿನ ತಿಂಗಳ ಭಾಷಣಕ್ಕೆ ಅವರು ಸಿಗುತ್ತಾರಾ?”

“ಪ್ರಕಾಶಕನ ಬಗ್ಗೆ ತಾನೇ? ನಾನು ಸಿದ್ಧವಾಗಿದ್ದೇನೆ.”

“ಅಲ್ಲ, ನೀವಲ್ಲ. ಕಂಡುಹಿಡಿದವರು.”

“ಅವರು ಇಂಡಿಯಾದಲ್ಲಿದ್ದಾರೆ. ಇಂಗ್ಲಿಷ್ ಮಾತಾಡಲು ಬರುವುದಿಲ್ಲ.”

“ವಿಡಿಯೋದಲ್ಲಿ ಮಾತಾಡಲಿ. ಅನುವಾದಕ್ಕೆ ನೀವಿದ್ದೀರಲ್ಲ.”

ಒಪ್ಪಿಕೊಂಡಿದ್ದೇನೆ. ಹದಿನಾಲ್ಕನೇ ನೋಟ್‌ಬುಕ್ ತಂದಿಟ್ಟಿದ್ದೇನೆ, ಮೈದಾಹಿಟ್ಟೂ ಮನೆಯಲ್ಲಿದೆ. ಆ ಹೆಂಗಸು ಒಂದೇ ಒಂದು ತಪ್ಪು ಹೇಳಲಿ, ಈ ಸಲದ ಚೀಟಿಯಲ್ಲಿ ನನ್ನ ಹೆಸರೇ.