ಸಾಸಿವೆ ಸಿಡಿಯಬಾರದ ಕಟ್ಟಡ

ಯಾರಿಗೆ ಯಾವುದರ ಹೆದರಿಕೆ ಇರುತ್ತದೆ ಎಂದು ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಕೆಲವರಿಗೆ ಹಲ್ಲಿಯ ಹೆದರಿಕೆ, ಕೆಲವರಿಗೆ ಹೆಂಡತಿಯ ಅಣ್ಣನದು. ನನಗೆ ಸಾಸಿವೆಯದು. ಹೋಟೆಲಿನವನು, ಅದೂ ಉಡುಪಿ ಕಡೆಯವನು, ಸಾಸಿವೆಗೆ ಹೆದರುತ್ತಾನೆಂದರೆ ನೀವು ನಗುತ್ತೀರಿ. ನಗಿ, ಬೇಡ ಎನ್ನುವುದಿಲ್ಲ. ಆದರೆ ಠಾಣೆಯ ಆ ಕಟ್ಟಡದಲ್ಲಿ ನೀವೂ ಒಮ್ಮೆ ಒಗ್ಗರಣೆ ಹಾಕಿ ನೋಡಬೇಕಿತ್ತು.

ಠಾಣೆಯ ಹಳೇ ಪೇಟೆಯಲ್ಲಿ ಕಲ್ಲು ಮತ್ತು ಸಾಗುವಾನಿಯ ಒಂದು ಗೋದಾಮಿತ್ತು. ಅದರ ಜಗಲಿಯಲ್ಲಿ ನನ್ನ ಮಾವನ ಕಾಲದಿಂದ ನಮ್ಮ ಹೋಟೆಲು. ಸುತ್ತಲಿನ ಹಳೆಯ ಮನೆಗಳೆಲ್ಲ ಟವರುಗಳಾದರೂ ನಮ್ಮ ಶೇಟ್‌ಗೆ ಮಾತ್ರ ತಮ್ಮ ಅಜ್ಜನ ಕಟ್ಟಡ ಕೆಡವಲು ಮನಸ್ಸಾಗಲಿಲ್ಲ. ಮುಗ್ಧಾ ಎಂಬ ಆರ್ಕಿಟೆಕ್ಟ್ ಹುಡುಗಿಯನ್ನು ಕರೆಸಿದರು. ಮುಂದಿನ ಗೋದಾಮನ್ನು ಇದ್ದ ಹಾಗೆಯೇ ದುರಸ್ತಿ ಮಾಡುವುದು, ಹಿಂದೆ ಗಾಜಿನ ಹೊಸ ಕಟ್ಟಡ ಎಬ್ಬಿಸುವುದು, ಎರಡನ್ನೂ ಸೇರಿಸಿ ಆಫೀಸುಗಳಿಗೆ ಬಾಡಿಗೆ ಕೊಡುವುದು ಎಂದಾಯಿತು. ಮೇಲೆ ಸೋಲಾರು, ಕೆಳಗೆ ಮಳೆನೀರಿನ ಟಾಂಕಿ. ಹಳೆಯ ಗೋಡೆಗೆ ಸಿಮೆಂಟು ಮುಟ್ಟಿಸುವಂತಿಲ್ಲವೆಂದು ಸುಣ್ಣಕ್ಕೆ ಬೆಲ್ಲ ಬೆರೆಸಿ ಗಾರೆ ಅರೆದರು. ನಮ್ಮ ಅಡುಗೆಯ ವಾಸು ಭಟ್ಟರು ಆ ಬೆಲ್ಲದ ರಾಶಿ ನೋಡಿ, ಗೋಡೆಗೆ ಇಷ್ಟು ರುಚಿ ಯಾಕೆ ಎಂದು ಕೇಳಿದ್ದುಂಟು.

ಶೇಟ್ ಒಳ್ಳೆಯವರು. ಕೆಲಸ ಮುಗಿದ ಮೇಲೆ ಆಫೀಸಿನವರ ಕ್ಯಾಂಟೀನು ನಿಮಗೇ ಎಂದು ಮಾತು ಕೊಟ್ಟಿದ್ದರು, ಕೊಟ್ಟರು ಕೂಡ. ಗ್ರಹಚಾರ ಇದ್ದದ್ದು ಮಾಡಿನಲ್ಲಿ. ಸಾಗುವಾನಿ ಮಾಡಿನ ಕೆಳಗೆ ಬೆಂಕಿ ಕೂಡದೆಂದು ಗ್ಯಾಸ್ ಹೋಗಿ ಕರೆಂಟಿನ ಒಲೆ ಬಂತು. ಅಜ್ಜನ ಗೋಡೆಗೆ ತೂತು ಕೊರೆಯುವಂತಿಲ್ಲವಾದ್ದರಿಂದ ಹೊಗೆ ಹೋಗಲು ದಾರಿಯಿಲ್ಲ. ಇಷ್ಟು ಸಾಲದೆಂದು ತೊಲೆಗಳ ನಡುವೆ ಹೊಗೆಯ ವಾಸನೆ ಹಿಡಿಯುವ ಬಿಳಿ ಡಬ್ಬಿಗಳನ್ನು ಕೂರಿಸಿದರು. ಎಣ್ಣೆ ಕಾದು, ಸಾಸಿವೆ ಸಿಡಿದು, ಒಣಮೆಣಸು ಕಪ್ಪಗಾಗುವಷ್ಟರಲ್ಲಿ ಡಬ್ಬಿ ಕೂಗುತ್ತಿತ್ತು. ಅದು ಕೂಗಿತೆಂದರೆ ಗಾಜಿನ ಕಟ್ಟಡದ ನೆತ್ತಿಯಲ್ಲಿ ಕೂತವರೂ ಮೆಟ್ಟಿಲಿಳಿದು ಅಂಗಳಕ್ಕೆ ಬಂದು ಸಾಲಾಗಿ ನಿಲ್ಲಬೇಕು. ಮೊದಲ ವಾರದಲ್ಲೇ ಎರಡು ಸಲ ಹೀಗಾಯಿತು. ಇನ್ನೊಮ್ಮೆ ಆದರೆ ಕ್ಯಾಂಟೀನು ನವಿ ಮುಂಬಯಿಯ ಪ್ಯಾಕೆಟ್ ಊಟದ ಕಂಪನಿಗೆ ಹೋಗುತ್ತದೆಂದು ಆಫೀಸುಗಳ ಮ್ಯಾನೇಜರು ತಿಳಿಸಿದರು. ನನಗೆ ಬೇರೆ ಹೋಟೆಲಿಲ್ಲ, ಬೇರೆ ವಿದ್ಯೆಯೂ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಷ್ಟರಲ್ಲಿ ಕಟ್ಟಡಕ್ಕೆ ಹಸಿರು ಸರ್ಟಿಫಿಕೇಟು ಕೊಡುವವರು ಬರುತ್ತಾರೆ, ಊಟ ನಿಮ್ಮದೇ ಎಂದು ಶೇಟ್ ಹೇಳಿಕಳಿಸಿದರು. ನಾನೊಂದು ಉಪಾಯ ಹೂಡಿದೆ. ಒಗ್ಗರಣೆಯನ್ನು ಡೊಂಬಿವಲಿಯ ನಮ್ಮ ಮನೆಯಲ್ಲೇ ಹಾಕಿಸಿ ಸ್ಟೀಲಿನ ಡಬ್ಬಿಯಲ್ಲಿ ಠಾಣೆಗೆ ಒಯ್ಯುವುದು. ಹೆಂಡತಿ ಜ್ವರ ಬಂದವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಭಟ್ಟರು ಕೇಳಿಯೇಬಿಟ್ಟರು.

"ಎಂತದು ರಾಯ್ರೆ, ಒಗ್ಗರಣೆಯನ್ನು ರೈಲಲ್ಲಿ ತರುದಾ? ಹಾಗಾದ್ರೆ ಚಟಪಟ ಎನ್ನುದು ಯಾವ ಸ್ಟೇಷನ್ನಲ್ಲಿ?"

ಬೆಳಗಿನ ಲೋಕಲ್ಲಿನಲ್ಲಿ ಡೊಂಬಿವಲಿಯಿಂದ ಹತ್ತುವುದೇ ಒಂದು ಸಾಹಸ. ಇಂಗಿನ ಒಗ್ಗರಣೆಯ ಡಬ್ಬಿ ಎದೆಗವಚಿಕೊಂಡು ಹತ್ತುವುದು ಇನ್ನೊಂದು. ಮುಂಬ್ರಾ ದಾಟುವಷ್ಟರಲ್ಲಿ ಇಡೀ ಬೋಗಿಗೆ ಹಸಿವಾಗಿತ್ತು. ಠಾಣೆಯಲ್ಲಿ ಇಳಿದಾಗ ನನ್ನ ಅಂಗಿಯಲ್ಲಿ ಉಳಿದ ಪರಿಮಳ ಡಬ್ಬಿಯಲ್ಲಿ ಉಳಿದಿರಲಿಲ್ಲ.

ಮಧ್ಯಾಹ್ನ ಶೇಟ್, ಮುಗ್ಧಾ, ಬಂದ ಅತಿಥಿಗಳು ಎಲ್ಲರೂ ಕೂತರು. ತಣ್ಣಗಾದ ಒಗ್ಗರಣೆಯನ್ನು ಸಾಂಬಾರಿಗೆ ಸುರಿದೆ. ಸದ್ದಿಲ್ಲ. ಅತಿಥಿಗಳು ಗೋಡೆ ತಟ್ಟಿ ನೋಡಿ ಹೊಗಳುತ್ತಿದ್ದರು, ನಾನು ತೊಲೆಯ ಕಡೆ ಕತ್ತೆತ್ತಿ ಬೆವರುತ್ತಿದ್ದೆ. ಡಬ್ಬಿಗಳು ಮಲಗಿದ್ದವು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಶೇಟ್ ಒಂದು ತುತ್ತು ಬಾಯಿಗಿಟ್ಟು, ಕೈ ತಡೆದು, ಸುತ್ತ ನೋಡಿದರು.

"ಇಮಾರತ್ ಪರತ್ ಆಲೀ," ಎಂದರು ಮೆಲ್ಲಗೆ. "ವಾಸ್ ನಾಹೀ ಆಲಾ."

ಕಟ್ಟಡ ಮರಳಿ ಬಂತು, ಪರಿಮಳ ಬರಲಿಲ್ಲ ಎಂದು. ಮುಗ್ಧಾಳ ಮುಖ ಸಣ್ಣದಾಯಿತು, ನನ್ನದು ಇಲ್ಲವೇ ಇಲ್ಲವಾಯಿತು. ಈ ಮಾತು ಅಡುಗೆಮನೆಯ ಬಾಗಿಲಲ್ಲಿ ನಿಂತ ಭಟ್ಟರ ಕಿವಿಗೂ ಬಿತ್ತು. ಅವರು ಒಳಗೆ ಹೋದರು. ನಾನು ಬೇಡ ಎಂದು ಕೈಯಾಡಿಸುವ ಮೊದಲೇ ಒಳಗಿನಿಂದ ಚಟಪಟ ಕೇಳಿತು. ಆಮೇಲೆ ಕರಿಬೇವು ಬಿದ್ದ ಸದ್ದು. ಆಮೇಲೆ ಘಮ. ನಾನು ಉಸಿರು ಬಿಗಿಹಿಡಿದೆ, ನಾನು ಉಸಿರಾಡದಿದ್ದರೆ ಹೊಗೆ ಮೇಲೇರುವುದಿಲ್ಲ ಎಂಬಂತೆ. ಮೂರನೆಯ ಸಲ ಡಬ್ಬಿ ಕೂಗಿತು.

ಎಲ್ಲರೂ ತಟ್ಟೆ ಹಿಡಿದೇ ಅಂಗಳಕ್ಕೆ ಇಳಿದರು. ಭಟ್ಟರು ಸಾಂಬಾರಿನ ಬಕೆಟ್ಟು ಹಿಡಿದು ಕೊನೆಯಲ್ಲಿ ಬಂದು, ಅಲ್ಲೇ ಬಡಿಸತೊಡಗಿದರು. ಶೇಟ್ ನಿಂತಲ್ಲೇ ಉಂಡು, ಮತ್ತೆ ತಟ್ಟೆ ಒಡ್ಡಿದರು. ಕಾವಲಿನವನು ನಿಯಮದಂತೆ ತಲೆ ಎಣಿಸಿದ. ಒಂದು ತಲೆ ಕಡಿಮೆ ಬಂತು. ಕ್ಯಾಂಟೀನ್ ಅಂಕಲ್ ಒಳಗೇ ಉಳಿದರು ಎಂದು ಮುಗ್ಧಾ ದುಪಟ್ಟಾ ಮೂಗಿಗೆ ಕಟ್ಟಿಕೊಂಡು ಒಳಗೆ ನುಗ್ಗಲು ಹೊರಟಳು, ಇಬ್ಬರು ಹಿಡಿದು ನಿಲ್ಲಿಸಿದರು. ನನ್ನ ಹೆಸರು ಕೂಗಿ ಕರೆದರು. ಭಟ್ಟರ ಕಣ್ಣಲ್ಲೂ ನೀರು ಬಂತಂತೆ, ಮೆಣಸಿನ ಹೊಗೆಯಿಂದಲೋ ಏನೋ ನಾನು ಕೇಳಲು ಹೋಗಿಲ್ಲ.

ಇದನ್ನೆಲ್ಲ ನಾನು ರಸ್ತೆಯ ಆಚೆ ಬದಿಯಲ್ಲಿ, ಒಂದು ರಿಕ್ಷಾದ ಹಿಂದೆ ನಿಂತು ನೋಡುತ್ತಿದ್ದೆ. ಅದು ಬೆಂಕಿಯಲ್ಲ, ಸಾಸಿವೆ ಎಂದು ಇಡೀ ಕಟ್ಟಡದಲ್ಲಿ ಭಟ್ಟರನ್ನು ಬಿಟ್ಟರೆ ಗೊತ್ತಿದ್ದವನು ನಾನೊಬ್ಬನೇ. ಓಡಿದವನೂ ನಾನೊಬ್ಬನೇ. ಆ ಹುಡುಗಿ ಮತ್ತೆ ಒಳಗೆ ಹೋಗಲು ಕೊಸರಾಡಿದಾಗ ನಾಚಿಕೆ ತಡೆಯದೆ ಗೇಟಿನಿಂದ ಒಳಗೆ ಬಂದೆ.

ಶೇಟ್ ಮಾತಿನ ಮೇಲೆ ಕ್ಯಾಂಟೀನು ನಮ್ಮಲ್ಲೇ ಉಳಿಯಿತು. ಅಂಗಳದ ಮೂಲೆಯಲ್ಲಿ ತಗಡಿನ ಮಾಡು ಹಾಕಿಸಿ, ಒಗ್ಗರಣೆಗೆಂದೇ ಒಂದು ಒಲೆ ಕೊಟ್ಟರು. ಈಗಲೂ ಆಫೀಸಿನಲ್ಲಿ ಬೆಂಕಿಯ ತಾಲೀಮು ನಡೆದಾಗ, ಎಷ್ಟು ಬೇಗ ಹೊರಗೆ ಬರಬೇಕು ಎಂದು ಹೊಸಬರಿಗೆ ತೋರಿಸಲು ಮ್ಯಾನೇಜರು ನನ್ನನ್ನೇ ಕರೆಯುತ್ತಾರೆ.